ಮೂರನೆಯ ಸಲ ಕೇಳುವ ತನಕ

ಮುತ್ತೊರೆನಾಡಿನ ರಾಜಧಾನಿಯಾದ ಹಿರಿಗೋಟೆಯಲ್ಲಿ ಅಂದು ಹೊತ್ತೇರಿದ್ದರೂ ಒಂದಂಗಡಿಯೂ ಬಾಗಿಲು ತೆರೆದಿರಲಿಲ್ಲ. ಹಿಂದಿನ ಸಂಜೆ ಮೂಡಣ ಬೆಟ್ಟದ ನೆತ್ತಿಯಲ್ಲಿ ಎಚ್ಚರಿಕೆಯ ಬೆಂಕಿ ಹೊತ್ತಿದ್ದನ್ನು ಊರಿಗೆ ಊರೇ ಕಂಡಿತ್ತು. ಶತ್ರು ಗಡಿ ದಾಟಿದನೆಂಬುದಕ್ಕೆ ಅದೇ ಸಂಕೇತ. ನೇಕಾರರ ಕೇರಿಯಲ್ಲಿ ಮಗ್ಗದ ಸದ್ದು ಅಡಗಿತ್ತು, ಹೂವಿನ ಬುಟ್ಟಿಗಳು ಬೀದಿಯಲ್ಲೇ ಮಗುಚಿ ಬಿದ್ದಿದ್ದವು, ತಾಯಂದಿರು ಮಕ್ಕಳನ್ನೂ ಕಂಚಿನ ಪಾತ್ರೆಗಳನ್ನೂ ಕಾಳು ತುಂಬುವ ಒಂದೇ ಹಗೇವಿನೊಳಗೆ ಇಳಿಸುತ್ತಿದ್ದರು. ಯಾರೂ ಗಟ್ಟಿಯಾಗಿ ಮಾತನಾಡುತ್ತಿರಲಿಲ್ಲ.

ರಾಜಧಾನಿಯೆಂದು ಕರೆದರೂ ಆ ನಾಡಿಗೆ ರಾಜನಿರಲಿಲ್ಲ. ಊರೂರಿನ ಒಕ್ಕಲುಗಳು ಆರಿಸಿ ಕಳುಹಿಸಿದ ಮೂವತ್ತಿಬ್ಬರು ಸಭಾಸದರು ಕೆರೆಯ ಹೂಳಿನಿಂದ ಹಿಡಿದು ಸಂಧಿವಿಗ್ರಹದವರೆಗೆ ಎಲ್ಲವನ್ನೂ ಗಂಟಲು ಹರಿಯುವಂತೆ ಜಗಳವಾಡಿಯೇ ತೀರ್ಮಾನಿಸುತ್ತಿದ್ದರು. ನೆರೆಯ ಅರಸರು ಇದನ್ನು ಕೇಳಿ ನಗುತ್ತಿದ್ದರು. ಯುದ್ಧ ಬಂದಾಗ ಮಾತ್ರ ಸಭೆಯು ತನ್ನ ಸರ್ವಾಧಿಕಾರವನ್ನೂ ಖಡ್ಗದ ರೂಪದಲ್ಲಿ ಒಬ್ಬನ ಕೈಗೆ ಕೊಡಬಹುದಿತ್ತು. ಅದಕ್ಕೆ ಸಭಾಪತಿ ಮೂರು ಸಲ ಕೇಳಬೇಕು, ಒಂದೊಂದು ಸಲವೂ ಗಂಟೆಯ ನಾದ ಪೂರ್ತಿ ಅಡಗಬೇಕು. ಆ ಹೊತ್ತಿನಲ್ಲಿ ವಾದಕ್ಕೆ ಎಡೆಯಿಲ್ಲ. ಒಪ್ಪಿದವರು ಏಳಬೇಕು, ಒಮ್ಮೆ ಎದ್ದವರು ಮತ್ತೆ ಕೂರುವಂತಿಲ್ಲ. ಕೊನೆಯ ನಾದ ಅಡಗುವ ತನಕ ಒಬ್ಬನೇ ಒಬ್ಬ ಕುಳಿತಿದ್ದರೂ ಖಡ್ಗ ಕೈಬದಲಾಗದು. ಸಭಾಸದನ ರಕ್ತ ನೆಲಕ್ಕೆ ಬಿದ್ದರಂತೂ ಕೇಳಿದ್ದೆಲ್ಲವೂ ರದ್ದು.

ಅಂದು ಖಡ್ಗವನ್ನು ಬೇಡಿದವನು ದಂಡನಾಯಕ ಕಾಳರಸ. ಸೈನ್ಯವನ್ನು ಇಮ್ಮಡಿಗೊಳಿಸಲು ಒಕ್ಕಲುಗಳ ಮೇಲೆ ಹೊಸ ತೆರಿಗೆ ಹೇರಬೇಕೆಂಬ ಅವನ ಸಲಹೆಯನ್ನು ಸಭೆ ಎರಡು ವರ್ಷ ತಳ್ಳಿಹಾಕಿತ್ತು. ಆ ವಾದದಲ್ಲಿ ಅವನನ್ನು ಸೋಲಿಸಿದವನು ಸಭಾಸದರಲ್ಲೊಬ್ಬನಾದ, ಕೆರೆಗಳ ಅಧಿಕಾರ ಹೊತ್ತಿದ್ದ ಅಮಾತ್ಯ ಕೇತಮಯ್ಯ. ವಾದದಲ್ಲಿ ಹುಲಿಯಾದರೂ ಕೇತಮಯ್ಯ ಹುಟ್ಟಾ ಅಂಜುಬುರುಕ. ಬಿಚ್ಚಿದ ಕತ್ತಿ ಕಂಡರೆ ಅವನ ಬಾಯಿ ಒಣಗುತ್ತಿತ್ತು.

ಅಂದು ಬೆಳಿಗ್ಗೆ ಅವನ ಒಬ್ಬನೇ ಮಗ, ದಂಡನಾಯಕನ ಅಂಗರಕ್ಷಕ ಪಡೆಯಲ್ಲಿದ್ದ ಏಚಣ, ಹಿತ್ತಲ ಬಾಗಿಲಿನಿಂದ ಬಂದು ತಲೆ ತಗ್ಗಿಸಿ ನಿಂತಿದ್ದ.

"ಅಪ್ಪಯ್ಯ, ಗಡಿಯಾಚೆ ಒಂದು ನರಪಿಳ್ಳೆಯೂ ಇಲ್ಲ. ಬೆಟ್ಟದ ಬೆಂಕಿಯನ್ನು ನಾವೇ ಹಚ್ಚಿದೆವು. ಪಂಜು ನನ್ನ ಕೈಯಲ್ಲಿತ್ತು."

"ಇದನ್ನು ಬೇರೆ ಯಾರಿಗಾದರೂ ಹೇಳಿದೆಯಾ?"

"ಇಲ್ಲ. ಹೇಳಿದರೆ ನನ್ನ ತಲೆ ಉಳಿಯುವುದಿಲ್ಲ."

ಕೇತಮಯ್ಯ ಹಿತ್ತಲ ಬಾಗಿಲನ್ನು ಮುಚ್ಚಿದ. ಬಳಿಕ, "ಮಗು, ನಾನು ಎದ್ದುಬಿಡುತ್ತೇನೆ. ಎಲ್ಲರೂ ಏಳುತ್ತಾರೆ, ನಾನೂ ಏಳುತ್ತೇನೆ. ನೀನು ಬದುಕಿದ್ದರೆ ಸಾಕು" ಎಂದ. ಏಚಣ ಹೊರಟುಹೋದ. ಮಗನ ಮುಖದಲ್ಲಿ ಕಂಡದ್ದು ಸಮಾಧಾನವಲ್ಲವೆಂದು ತಂದೆಗೆ ತಿಳಿಯಿತು, ತಿಳಿದೂ ತಿಳಿಯದವನಂತೆ ಮಡಿ ಉಟ್ಟು ಸಭೆಗೆ ನಡೆದ.

ಸಭಾಮಂಟಪದ ಕಂಬಕ್ಕೊಬ್ಬ ಸೈನಿಕ ನಿಂತಿದ್ದ. ವೃದ್ಧೆಯಾದ ಸಭಾಪತಿ ಚಂದಿಯಬ್ಬೆ ಗಂಟೆ ಬಾರಿಸಿ, "ಖಡ್ಗವನ್ನು ದಂಡನಾಯಕ ಕಾಳರಸರಿಗೆ ಒಪ್ಪಿಸಲು ಸಭೆಗೆ ಸಮ್ಮತವೇ?" ಎಂದು ಮೊದಲ ಸಲ ಕೇಳಿದಳು. ಪೀಠಗಳು ಸರಿದ ಸದ್ದಾಯಿತು. ಕೇತಮಯ್ಯನೂ ಕೈಯೂರಿ ಏಳಹೋದ. ಮೊಣಕಾಲುಗಳು ಮಾತು ಕೇಳಲಿಲ್ಲ. ಭಯದಿಂದ ಅವು ಸೋತುಹೋಗಿದ್ದವು. ಎಷ್ಟು ಒತ್ತಿದರೂ ಮೈ ಪೀಠ ಬಿಟ್ಟು ಮೇಲೇಳಲಿಲ್ಲ. ಮೂವತ್ತೊಂದು ಮಂದಿ ನಿಂತಿದ್ದರು, ಅವನೊಬ್ಬ ಕುಳಿತಿದ್ದ.

ಕಾಳರಸ ಕನಿಕರದ ಧ್ವನಿಯಲ್ಲಿ ಅಂದ: "ಅಮಾತ್ಯರಿಗೆ ಮೈ ಸರಿಯಿಲ್ಲವೆಂದು ಕಾಣುತ್ತದೆ. ಅಶಕ್ತರನ್ನು ಮನೆಯವರು ಎತ್ತಿ ನಿಲ್ಲಿಸಬಹುದೆಂದು ಕಟ್ಟಳೆಯೇ ಇದೆ. ಏಚಣ, ನಿನ್ನ ತಂದೆಯವರನ್ನು ಎಬ್ಬಿಸು."

ಏಚಣ ಬಂದು ತಂದೆಯ ತೋಳಿಗೆ ಕೈಹಾಕಿ ಬಾಗಿದ.

"ಎತ್ತು ಮಗು," ಎಂದು ತಂದೆ ಪಿಸುಗುಟ್ಟಿದ, "ನನ್ನಿಂದಾಗುತ್ತಿಲ್ಲ."

"ಅಪ್ಪಯ್ಯ, ಏಳಬೇಡಿ."

ಅಷ್ಟು ಹೇಳಿ ಅವನು ಕೈಬಿಟ್ಟು ದಂಡನಾಯಕನ ಕಡೆ ತಿರುಗಿ ನಿಂತ. "ನನ್ನ ತಂದೆಯವರು ಆರೋಗ್ಯವಾಗಿದ್ದಾರೆ, ಪ್ರಭು. ನಾನು ಎತ್ತುವುದಿಲ್ಲ."

ಎರಡನೆಯ ಗಂಟೆಯಾಯಿತು. ಚಂದಿಯಬ್ಬೆ ಮತ್ತೆ ಕೇಳಿದಳು. ಕೇತಮಯ್ಯ ಕುಳಿತೇ ಇದ್ದ.

ಎಚ್ಚರಿಕೆಯ ಬೆಂಕಿ ಹೊತ್ತಿರುವಾಗ ಆಜ್ಞೆ ಮೀರಿದ ಸೈನಿಕನಿಗೆ ನಿಂತಲ್ಲೇ ಮರಣವೆಂಬುದು ಸೈನ್ಯದ ನಿಯಮ. ಕಾಳರಸ ಅದನ್ನು ಎಲ್ಲರಿಗೂ ಕೇಳುವಂತೆ ನೆನಪಿಸಿ, ಕತ್ತಿ ಹಿರಿದು ಏಚಣನ ಪಕ್ಕೆಗೆ ಇಳಿಸಿದ. ಹುಡುಗ ಸದ್ದಿಲ್ಲದೆ ಕುಸಿದ, ತಂದೆಯ ಪೀಠದಿಂದ ನಾಲ್ಕು ಮಾರು ಆಚೆಗೆ.

"ಅಮಾತ್ಯರೇ," ಎಂದ ಕಾಳರಸ, "ಮಗನಿಗೆ ಇನ್ನೂ ಜೀವವಿದೆ. ತಾವು ಎದ್ದು ಹೋಗಿ ಹಿಡಿದುಕೊಳ್ಳಬಾರದೇ? ತಡೆಯುವವರು ಯಾರೂ ಇಲ್ಲ."

ಆಗ ಕೇತಮಯ್ಯನ ಕಾಲುಗಳಿಗೆ ಬಲ ಬಂತು. ಈಗ ಅವು ತಾವಾಗಿಯೇ ಏಳುತ್ತಿದ್ದವು, ಮಗನ ಕಡೆಗೆ ಅವನನ್ನು ಎಳೆಯುತ್ತಿದ್ದವು. ಅವನು ಪೀಠದ ಎರಡು ಅಂಚುಗಳನ್ನೂ ಅವುಚಿ ಹಿಡಿದು, ಹಲ್ಲುಕಚ್ಚಿ, ತನ್ನ ಮೈಯನ್ನು ತಾನೇ ಕೆಳಕ್ಕೆ ಒತ್ತಿಕೊಂಡು ಕುಳಿತ. ಅಷ್ಟು ದೊಡ್ಡ ಭಯವನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಎಲ್ಲಿ ಎದ್ದುಬಿಡುತ್ತೇನೋ ಎಂಬ ಭಯ ಅದು. ನಿಂತವರಲ್ಲಿ ಒಬ್ಬರೂ ಅವನ ಮುಖ ನೋಡಲಾರದೆ ಹೋದರು.

ಚಂದಿಯಬ್ಬೆ ಮೂರನೆಯ ಗಂಟೆ ಬಾರಿಸಿ ಕೇಳಿದಳು. ಕಂಚಿನ ನಾದ ಮಂಟಪವನ್ನೆಲ್ಲ ಸುತ್ತಿ, ಇಳಿದು, ಇನ್ನೂ ಇಳಿದು, ಕೊನೆಗೆ ಇಲ್ಲವಾಯಿತು.

"ಸಭೆಗೆ ಸಮ್ಮತವಿಲ್ಲ. ಖಡ್ಗ ಇಲ್ಲೇ ಉಳಿಯಿತು" ಎಂದಳು ಅವಳು. "ಕಾಳರಸ ಸಭೆಯ ಸೇವಕ. ಸೈನಿಕರೇ, ಅವನ ಆಯುಧ ತೆಗೆದುಕೊಳ್ಳಿ."

ಕಂಬಗಳ ಬಳಿಯಿದ್ದವರು ಒಬ್ಬರನ್ನೊಬ್ಬರು ನೋಡಿದರು. ಅವರು ಆಣೆಯಿಟ್ಟದ್ದು ಸಭೆಗೆ, ಖಡ್ಗವಿಲ್ಲದ ದಂಡನಾಯಕನಿಗಲ್ಲ. ಮೊದಲು ಒಬ್ಬ ಮುಂದೆ ಬಂದ, ಆಮೇಲೆ ಎಲ್ಲರೂ ಬಂದರು.

ಕೇತಮಯ್ಯ ಅದಾವುದನ್ನೂ ನೋಡಲಿಲ್ಲ. ಎದ್ದು ಓಡಿ, ಮಗನ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡ. ಏಚಣ ಕಣ್ಣು ತೆರೆದು ಬಹಳ ಪ್ರಯಾಸದಿಂದ ಕೇಳಿದ:

"ಅಪ್ಪಯ್ಯ, ಬೇಗ ಬಂದುಬಿಟ್ಟಿರಾ?"

"ಇಲ್ಲ ಮಗು. ಮೂರನೆಯದೂ ಮುಗಿಯಿತು. ಮುಗಿದ ಮೇಲೆಯೇ ಬಂದೆ."

ಏಚಣ ತಲೆಯಾಡಿಸಿದ, ಆಮೇಲೆ ಅವನು ಉಸಿರಾಡಲಿಲ್ಲ.