ಆಂಟೆನಾ ತಿರುಗಿಸಿದವನಿಗೆ

ಸೀತಕ್ಕ ಹಲಸಿನ ಬೀಜದ ಸಿಪ್ಪೆ ಬಿಡಿಸುತ್ತ ಕೂತಿದ್ದಳು. ತಂಗಿಯ ಮಗಳು ಮಲ್ಲಿಕಾ ಮೊಬೈಲನ್ನು ಉಪ್ಪಿನ ಭರಣಿಗೆ ಒರಗಿಸಿಟ್ಟಳು.

"ದೊಡ್ಡಮ್ಮ, ನಿಮ್ಮ ಕಾಲದ ಟಿ.ವಿ.ಯ 'ಗುರುವಾರದ ಕಥೆ'ನ ಈಗ ಹೊಸದಾಗಿ ತೆಗ್ದಿದ್ದಾರೆ. ಆ ದೋಣಿ ಕಥೆನೂ ಇದೆ."

ಸೀತಕ್ಕನ ಕೈ ನಿಂತಿತು. ಆ ಕಥೆಯ ಕೊನೆಗಾಗಿ ಕಾದು ಕಾದು ಅವಳ ತಲೆ ನರೆತಿತ್ತು.

ಅವಳ ಹರೆಯದಲ್ಲಿ ಶೆಟ್ಟಿಕೊಪ್ಪದ ಅವರ ಕೇರಿಗೆಲ್ಲ ಒಂದೇ ಟಿ.ವಿ. ವಾರಕ್ಕೊಂದು ಕಥೆ. ಎಲ್ಲರೂ ಒಳಗೆ, ಕೇರಿಯ ಹುಡುಗ ಕೃಷ್ಣಪ್ಪ ಒಬ್ಬ ಹೊರಗೆ, ಆಂಟೆನಾ ಕಂಬ ಹಿಡಿದು. ಕಿಟಕಿಯ ಪಕ್ಕ ಸೀತೆ.

"ಬಂತಾ?"

"ಇನ್ನೂ ಸ್ವಲ್ಪ ತಿರ್ಗ್ಸು ಮಾರಾಯ."

ಚಿತ್ರ ಬಂದಿದ್ದರೂ ಅವಳು ಇಲ್ಲವೆನ್ನುತ್ತಿದ್ದಳು, ಅವನು ಕತ್ತೆತ್ತಿ ನೋಡುವ ಆ ಒಂದು ನೋಟಕ್ಕಾಗಿ. ಒಳಗಿನವರು ಬೈದ ಮೇಲೆಯೇ "ಬಂತು" ಎನ್ನುವುದು. ಕಂಬ ಹಿಡಿದವನಿಗೆ ಮರುದಿನ ಕೆಲಸದ ದಾರಿಯಲ್ಲಿ ಕಥೆ ಹೇಳುವವಳೂ ಅವಳೇ.

ದೋಣಿ ಕಥೆಯ ದಿನ ಹುಡುಗಿ ಉತ್ತರ ಹೇಳುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಕೊನೆ ಬಂದ ಮೇಲೆ ಹೋಯಿತೋ ಮೊದಲೋ, ಹೊರಗಿದ್ದವನಿಗೆ ತಿಳಿಯಲಿಲ್ಲ.

"ದೋಣಿಯವ್ನು ಮದುವೆ ಆಗ್ತೀಯಾ ಅಂತ ಕೇಳಿದ್ನಲ್ಲ, ಹುಡುಗಿ ಒಪ್ಪಿದ್ಲಾ?" ಮರುದಿನ ದಾರಿಯಲ್ಲಿ ಕೇಳುವಾಗ ಕೃಷ್ಣಪ್ಪ ಹೆಗಲ ಮೇಲಿನ ಒಣ ಟವೆಲ್ಲನ್ನು ಸುಮ್ಮನೆ ಹಿಂಡಿದ.

ಸೀತೆಗೆ ಆಟ ಆಡಿಸುವ ಮನಸ್ಸಾಯಿತು. "ಎಲ್ಲಿ ಒಪ್ತಾಳೆ? ಬಸ್ ಹತ್ತಿ ಹೋದ್ಲು."

ಅವನು ನಗಲಿಲ್ಲ. ತಿಂಗಳೊಳಗೆ ಕೆಲಸ ಹುಡುಕಿಕೊಂಡು ಭಂಡಿಗಡಿಗೆ ಹೋದ. ಅವನು ಕೇಳಿದ್ದು ತನ್ನನ್ನೇ ಎಂದು ಅವಳಿಗೆ ಹೊಳೆದದ್ದು ಆಮೇಲೆ. ಬರೆಯೋಣವೆಂದರೆ ಅಕ್ಷರ ಬಾರದು. ರಾತ್ರಿ ಶಾಲೆಗೆ ಸೇರಿ, ಕಲಿತು, ಒಂದು ಕಾಗದ ಬರೆದಳು. ಒಮ್ಮೆ ಸುಳ್ಳು ಹೇಳಿಯಾಗಿತ್ತು, ಇನ್ನೊಮ್ಮೆ ಬೇಡ. ಕಥೆಯ ನಿಜವಾದ ಕೊನೆ ತಿಳಿದ ಮೇಲೆಯೇ ಕಳಿಸೋಣವೆಂದು ಟ್ರಂಕಿನಲ್ಲಿಟ್ಟಳು.

ಮೊಬೈಲಿನಲ್ಲಿ ದೋಣಿ ಪಳಪಳ ಹೊಳೆಯುತ್ತಿತ್ತು. ಹುಡುಗಿಯ ಸೀರೆಯಲ್ಲಿ ಒಂದು ಸುಕ್ಕಿಲ್ಲ. ಅವರಿಬ್ಬರು ಮಾತಾಡುವ ಮೊದಲೇ ಪಿಟೀಲು ಅಳುತ್ತಿತ್ತು. ಅಂತೂ ದೋಣಿಯವನು ಕೇಳಿದ. ಹುಡುಗಿ ಬಾಯಿ ತೆರೆದಳು. ಪರದೆ ಕಪ್ಪಾಯಿತು.

"ಕರೆಂಟ್ ಹೋಯ್ತಾ?"

"ಇಲ್ಲ ದೊಡ್ಡಮ್ಮ, ಮುಗೀತು. ಉಳಿದದ್ದು ನಾವೇ ಅಂದ್ಕೋಬೇಕಂತೆ."

"ಅಂದ್ಕೊಂಡು ಅಂದ್ಕೊಂಡೇ ಸಾಕಾಯ್ತು ಮಾರಾಯ್ತಿ."

ಮಲ್ಲಿಕಾ ಓರೆಗಣ್ಣಲ್ಲಿ ನೋಡಿದಳು. "ಮೊನ್ನೆ ಕೊಪ್ಪದ ಬಸ್ ಸ್ಟ್ಯಾಂಡಲ್ಲಿ ಕೃಷ್ಣಪ್ಪಣ್ಣ ಸಿಕ್ಕಿದ್ರು. ಮದುವೆನೂ ಇಲ್ಲ, ಎಂತದೂ ಇಲ್ಲ. 'ನಿನ್ನ ದೊಡ್ಡಮ್ಮ ಈಗ್ಲೂ ಕಥೆ ಹೇಳ್ತಾಳಾ' ಅಂತ ಕೇಳಿದ್ರು."

ಸೀತಕ್ಕ ಎದ್ದು ಕೈ ತೊಳೆದಳು. ಟ್ರಂಕಿನಿಂದ ಹಳದಿಯಾದ ಕಾಗದ ತೆಗೆದು ಬಿಡಿಸಿ, ಕೆಳಗೆ ನಿಧಾನವಾಗಿ ಬರೆದಳು: 'ಆ ದಿನ ಕೊನೆಗೆ ಮೊದಲೇ ಕರೆಂಟು ಹೋಗಿತ್ತು. ಅವಳು ಏನೆಂದಳೋ ಇವತ್ತಿಗೂ ಗೊತ್ತಿಲ್ಲ. ನಾನು ಒಪ್ಪಿದ್ದೆ.'

ಹೊಸ ಲಕೋಟೆ, ಹೊಸ ಸ್ಟ್ಯಾಂಪು, ಮೇಲೆ ಭಂಡಿಗಡಿಯ ಕೃಷ್ಣಪ್ಪನ ಹೆಸರು. ಅಂಚೆ ಡಬ್ಬಿಗೆ ಹಾಕಿ, ಕಾಗದ ತಳಕ್ಕೆ ಬಿದ್ದ ಸದ್ದು ಕೇಳುವವರೆಗೂ ಅಲ್ಲೇ ನಿಂತಿದ್ದಳು.