ತಾರೀಕು ತಪ್ಪಿದ ಏಳು ಓಲೆಗಳು

ಬೆಟ್ಟಗಳೂ ಮಾತನಾಡುತ್ತಿದ್ದ ಕಾಲದಲ್ಲಿ ಮಣಿಹೊಳೆ ಎಂಬ ರಾಜ್ಯವಿತ್ತು. ಅಲ್ಲಿ ಹೊನ್ನಯ್ಯನೆಂಬ ಯುವಕನೂ ಅವನ ಅಕ್ಕ ಕೆಂಚಾಂಬೆಯೂ ಇದ್ದರು. ಒಂದು ದಿನ ಜಗಳವಾಡುತ್ತ ಅವನು, "ಹಕ್ಕಿಯಾಗಿ ಹಾರಿ ಹೋಗು," ಎಂದುಬಿಟ್ಟ. ದಾರಿಯಲ್ಲಿ ಹೋಗುತ್ತಿದ್ದ ಮಾಂತ್ರಿಕ ಧೂಮಾಕ್ಷ ಆ ಮಾತನ್ನು ನಿಜ ಮಾಡಿದ. ಅಕ್ಕ ಕೊಕ್ಕರೆಯಾಗಿ ದೂರದ ಕೆರೆಗೆ ಹಾರಿದಳು. 'ತಪ್ಪಾಯಿತು' ಎಂದು ತಮ್ಮ ಬರೆದದ್ದನ್ನು ಓದಿದರೆ ಮಾತ್ರ ಅವಳ ಶಾಪ ಬಿಡುತ್ತಿತ್ತು.

ಆ ರಾಜ್ಯದಲ್ಲಿ ಲ್ಯಾಪ್‌ಟಾಪಿನಲ್ಲಿ ಬರೆದು ಆಫ್ ಮಾಡಿದರೆ, ಓಲೆ ಆ ಗಳಿಗೆಯ ತಾರೀಕು ಹೊತ್ತು ಹಾರುತ್ತಿತ್ತು. ಹೊನ್ನಯ್ಯ ಸಂತೆಯಲ್ಲಿ ಹಳೆಯ ಲ್ಯಾಪ್‌ಟಾಪೊಂದನ್ನು ಕೊಂಡ. ಮಾರಿದವನು ವೇಷ ಮರೆಸಿದ ಧೂಮಾಕ್ಷನೆಂದು ಅವನಿಗೆ ತಿಳಿಯಲಿಲ್ಲ. ಅಕ್ಕ ಹಾರಿಹೋದ ದಿನ ಬಂದಾಗಲೆಲ್ಲ ಒಂದು ಓಲೆ ಕಳಿಸಿದ. ಹೀಗೆ ಏಳು ವರ್ಷ. ಅಕ್ಕ ಬರಲಿಲ್ಲ.

ಎಂಟನೆಯ ವರ್ಷ ಆ ಕೆರೆಯ ಮುದಿ ಆಮೆ ತೆವಳುತ್ತ ಬಂತು.

"ಹುಟ್ಟುವ ಮೊದಲೇ ತಪ್ಪೊಪ್ಪಿಕೊಂಡ ಜಾಣ ನೀನೇ ಏನಯ್ಯಾ? ನಿನ್ನ ಓಲೆಗಳ ಮೇಲೆಲ್ಲ ಮೂವತ್ತು ವರ್ಷ ಹಿಂದಿನ ತಾರೀಕು. ಕೆರೆಗೆ ಬಂದು ಬೀಳುವ ಓಲೆಗಳ ರಾಶಿಯಲ್ಲಿ ಹಳೆಯ ತಾರೀಕಿನವು ತಳಕ್ಕೆ ಹೋಗುತ್ತವೆ. ಕೊಕ್ಕರೆ ಮೇಲಿನದನ್ನಷ್ಟೇ ಓದುತ್ತದೆ."

ಹೊನ್ನಯ್ಯ ಲ್ಯಾಪ್‌ಟಾಪಿನ ಗಡಿಯಾರವನ್ನು ಕೈಯಿಂದಲೇ ತಿದ್ದಿದ. ಆಫ್ ಮಾಡಿ ಆನ್ ಮಾಡಿದ, ಹಳೆಯ ತಾರೀಕೇ. ಅರಮನೆಯ ಗಂಟೆಯನ್ನು ಕೇಳಿ ತಿದ್ದಿದ. ಮತ್ತೆ ಅದೇ.

"ಆನ್ ಇದ್ದಾಗ ಸರಿಯಾಗಿಯೇ ನಡೆಯಿತಲ್ಲ," ಎಂದಿತು ಆಮೆ. "ಆಫ್ ಆದಾಗ ಗಡಿಯಾರಕ್ಕೆ ಅನ್ನ ಹಾಕುವವರು ಯಾರು? ಹೊಟ್ಟೆ ಬಿಚ್ಚಿ ನೋಡು."

ಮೂರನೆಯ ಪ್ರಯತ್ನಕ್ಕೆ ಅವನು ತಿರುಪು ಬಿಚ್ಚಿದ. ಒಳಗೆ ನಾಣ್ಯದಷ್ಟು ಅಗಲದ ಸೆಲ್ಲೊಂದು ಸತ್ತು ಬಿದ್ದಿತ್ತು. ಧೂಮಾಕ್ಷ ಅದರ ಜೀವ ಹೀರಿ ಮಾರಿದ್ದ. ಹೊನ್ನಯ್ಯ ಹೊಸ ಸೆಲ್ ಹಾಕಿ, ತಾರೀಕು ತಿದ್ದಿ, ಒಂದು ದಿನ ಪೂರ್ತಿ ಆಫ್ ಮಾಡಿಟ್ಟು ನೋಡಿದ. ಗಡಿಯಾರ ತಪ್ಪಲಿಲ್ಲ. ಆಗ ಎಂಟನೆಯ ಓಲೆ ಬರೆದ.

ಅಕ್ಕ ಓದಿದಳು. ಶಾಪ ಬಿಟ್ಟಿತು, ಶಾಪ ಕೊಟ್ಟ ಧೂಮಾಕ್ಷ ನಿಂತಲ್ಲೇ ಬೂದಿಯಾದ. ಮನೆಗೆ ಬಂದ ಕೆಂಚಾಂಬೆಯ ತಲೆ ನರೆತಿತ್ತು.

"ಏಳು ಚಳಿಗಾಲ ನೀರಲ್ಲಿ ನಿಂತೆ ಕಣೋ. ಒಂದು ಸಾಲು ಬರೆಯಲು ಆಗಲಿಲ್ಲವೇನೋ ನಿನಗೆ?"

"ಬರೆದಿದ್ದೆ ಅಕ್ಕ. ತಾರೀಕು ತಪ್ಪಿತ್ತು."

"ನಿನಗೆ ಕಾಣಲಿಲ್ಲವೇ?"

"ಮೊದಲ ದಿನವೇ ಕಂಡಿತ್ತು. ಓಲೆ ಹೋಗುತ್ತದಲ್ಲ, ತಾರೀಕಿನದೇನು ಎಂದು ಬಿಟ್ಟೆ."

ಅಕ್ಕ ಗೋಡೆಗೊರಗಿ ಕೂತು, "ಒಲೆ ಹಚ್ಚು, ಹಸಿವಾಗಿದೆ," ಎಂದಳು.

ಆಮೇಲೆ ಇಬ್ಬರೂ ಸುಖವಾಗಿ ಬಾಳಿದರು, ಉಳಿದಿದ್ದ ದಿನಗಳಷ್ಟು.