ವಾಲಿದ ಟೋಪಿ

ಕೇಬಲ್ ಕಾರಿನ ಬಾಗಿಲು ಮುಚ್ಚಿದ ಮೇಲೆಯೇ ಲುಸ್ಮಿಲಾ ಎದುರು ಸೀಟಿನತ್ತ ನೋಡಿದ್ದು.

ಎಲ್ಮರ್...

ಇಳಿದುಬಿಡೋಣವೆಂದರೆ ಎಲ್ ಆಲ್ಟೋ ನಿಲ್ದಾಣ ಆಗಲೇ ಹಿಂದೆ ಉಳಿದಿತ್ತು. ಕೆಳಗೆ ಲಾ ಪಾಸ್‌ನ ಇಟ್ಟಿಗೆ ಮನೆಗಳು ಬಿಸಿಲು ಕಾಯಿಸುತ್ತಿದ್ದವು. ಹತ್ತು ನಿಮಿಷದ ದಾರಿ. ಇಬ್ಬರೇ.

ಒಂಬತ್ತು ವರ್ಷದ ಹಿಂದೆ ಕಾಲೇಜಿಗೆ ಹೋಗುವ ಮುನ್ನ ಇದೇ ನಿಲ್ದಾಣದಲ್ಲಿ ಇಬ್ಬರೂ ಬಿಸಿ ಆಪಿ ಕುಡಿಯುತ್ತಿದ್ದರು. ನೇರಳೆ ಜೋಳದ ಆ ಗಂಜಿ ಅವನ ಎಳೆ ಮೀಸೆಗೆ ಅಂಟಿದರೆ ಇವಳಿಗೆ ದಿನವಿಡೀ ನಗು.

ಆಗ ಅವಳದು ಜೀನ್ಸ್. ಅಮ್ಮನದು ಹಳ್ಳಿಯ ಐಮಾರಾ ಬುಡಕಟ್ಟಿನ ಹೆಂಗಸರ ನೆರಿಗೆ ಲಂಗ, ಶಾಲು, ದುಂಡು ಟೋಪಿ. "ನೀನು ಯಾವುದು ಉಡೋಳು, ಹೇಳಿಬಿಡೇ" ಎಂದು ಅಮ್ಮ ಕೇಳಿದಾಗಲೆಲ್ಲ ಮಗಳು ಮುಸುಕೆಳೆದು ಮಲಗಿಬಿಡುತ್ತಿದ್ದಳು. ನಿದ್ದೆ ಮಾತ್ರ ಬರುತ್ತಿರಲಿಲ್ಲ.

ಎಲ್ಮರ್ ಹಾಗಲ್ಲ. "ನಾವು ಐಮಾರಾನಾ, ಪಟ್ಟಣದವರಾ?" ಎಂದು ಅಜ್ಜಿಯಿಂದ ಹಿಡಿದು ಮೇಷ್ಟ್ರವರೆಗೆ ಎಲ್ಲರ ತಲೆ ತಿನ್ನುತ್ತಿದ್ದ. ಉತ್ತರ ಸಿಗದಿದ್ದರೂ ಹಾಯಾಗಿರುತ್ತಿದ್ದ.

ಒಮ್ಮೆ ಅವಳು "ಮದುವೆ ಇದೆ" ಎಂದಷ್ಟೇ ಹೇಳಿ ಹಳ್ಳಿಗೆ ಹೋದಳು. ಯಾರ ಮದುವೆ ಎಂದು ಹೇಳಲಿಲ್ಲ. ಅಕ್ಕನದು. ವಾರದ ನಂತರ ಅಮ್ಮನ ಒತ್ತಾಯಕ್ಕೆ ಲಂಗ ಉಟ್ಟೇ ನಿಲ್ದಾಣಕ್ಕೆ ಬಂದಳು. ಗಾಳಿಗೆ ಹಾರದಿರಲೆಂದು ಟೋಪಿಯನ್ನು ನೆತ್ತಿಯ ಮೇಲೆ ನೆಟ್ಟಗೆ ಕೂರಿಸಿ ಪಿನ್ನು ಚುಚ್ಚಿದ್ದಳು.

ಎಲ್ಮರ್ ನೋಡಿದ. ಅವನ ಮುಖ ಬಾಡಿತು. "ಒಳ್ಳೇದಾಗ್ಲಿ" ಎಂದವನು ಮರುವಾರವೇ ದೂರದ ಪೊಟೊಸಿಯ ಶಾಲೆಯೊಂದಕ್ಕೆ ಮೇಷ್ಟ್ರಾಗಿ ಹೊರಟುಹೋದ.

'ಲಂಗದ ಹುಡುಗಿ ಅಂದ್ರೆ ಇವನಿಗೆ ನಾಚಿಕೆ...' ಅವಳು ಕೇಳಲಿಲ್ಲ. ಕೇಳುವುದು ಅವಳ ಜಾಯಮಾನವೇ ಆಗಿರಲಿಲ್ಲ.

"ಯಜಮಾನ್ರು..." ಈಗ ಅವನೇ ತಡವರಿಸಿದ. "ಯಾವಾಗ ಹೋಗಿಬಿಟ್ರು?"

"ಯಾರ ಯಜಮಾನ್ರು?"

"ನಿನ್ನವರು. ಅವತ್ತು ಟೋಪಿ ನೆಟ್ಟಗಿತ್ತು, ಮದುವೆಯಾದವರ ಥರ. ಇವತ್ತು ವಾಲಿದೆ. ಮದುವೆಯಾಗದವರ ಹಾಗೆ ಗಂಡ ತೀರಿಕೊಂಡವರೂ ಹೀಗೇ ಇಡ್ತಾರಲ್ಲ..."

ಲುಸ್ಮಿಲಾಗೆ ಅಳುವೂ ನಗುವೂ ಒಟ್ಟಿಗೇ ಬಂತು.

"ಇಲ್ಲದ ಗಂಡನ್ನ ಕಟ್ಟಿ, ಸಾಯಿಸಿಯೂ ಬಿಟ್ಯಲ್ಲೋ! ಊರಿಗೆಲ್ಲ ಪ್ರಶ್ನೆ ಕೇಳ್ತಿದ್ದವನಿಗೆ ನನ್ನನ್ನೊಂದು ಕೇಳೋಕೆ ಏನಾಗಿತ್ತು?"

"ನಿನ್ನ ಉತ್ತರಕ್ಕೆ ಮಾತ್ರ ಹೆದರಿಕೆ ಇತ್ತು, ಮಾರಾಯ್ತಿ."

ಅವಳು ಅವನನ್ನೇ ನೇರವಾಗಿ ನೋಡಿದಳು. ಹಳೆಯ ಲುಸ್ಮಿಲಾ ಆಗಿದ್ದರೆ ಕಿಟಕಿಯತ್ತ ತಿರುಗುತ್ತಿದ್ದಳು.

"ಈಗ ನಾನು ದಿನಾ ಇದನ್ನೇ ಉಡೋದು. ಪಾಠ ಮಾಡೋಕೂ ಹೀಗೇ ಹೋಗ್ತೀನಿ. ಯಾರ ಬಲವಂತಕ್ಕೂ ಅಲ್ಲ, ನಾನೇ ಯೋಚ್ನೆ ಮಾಡಿ ಆರಿಸಿಕೊಂಡಿದ್ದು. ಆ ಜೀನ್ಸ್ ಹುಡುಗಿ ಬೇಕಂದ್ರೆ ಸಿಗಲ್ಲ. ನಿನಗೆ... ಮದುವೆ ಆಗಿದೆಯಾ?"

"ಇಲ್ಲ. ನಾನು ಮರೆಯೋಕಾಗದೆ ಇದ್ದಿದ್ದು ಜೀನ್ಸನ್ನಲ್ಲ ಕಣೇ."

ಗಾಡಿ ಕುಲುಕಿ ನಿಲ್ದಾಣ ಸೇರಿತು. ಈಗ ಪಿನ್ನಿರಲಿಲ್ಲ. ಜಾರಿದ ಟೋಪಿಯನ್ನು ಅವನು ಎರಡೂ ಕೈಯಲ್ಲಿ ಹಿಡಿದ.

"ಹೇಗಿಡ್ಲಿ?"

"ಸದ್ಯಕ್ಕೆ ವಾಲಿಸಿಯೇ ಇಡು. ನೆಟ್ಟಗೆ ಮಾಡೋಳು ನಾನು. ನೀನು ಅಮ್ಮನ್ನ ಕೇಳು ಸಾಕು."

"ಇವತ್ತೇ?"

"ಮೊದಲು ಆಪಿ ಕುಡಿಸು. ಮೀಸೆ ಒರೆಸಿಕೊಂಡು ಹೋಗೋಣ."